ಮೌಂಟ್ ಸೋತರೂ ‘0’ ಎನ್ನುವ ಕರ್ನಲ್: ಫೈಲ್‌ಸಿಸ್ಟಮ್‌ನ ದೋಷ ನಿರ್ವಹಣೆಯಲ್ಲಿ ಸಿಕ್ಕ ಬಗ್

ನಾಪೋಕ್ಲು_ಮಳೆ:

ಚಿಕ್ಕಪ್ಪನ ತೋಟದ ಕಚೇರಿಯಲ್ಲಿ ಹಳೆಯದೊಂದು ಹಾರ್ಡ್ ಡಿಸ್ಕ್ ಇದೆ. ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಮಳೆ ಲೆಕ್ಕ, ಕೆಲಸದವರ ಹಾಜರಿ, ಮೆಣಸು ಮಾರಿದ ಚೀಟಿಗಳ ಸ್ಕ್ಯಾನ್, ಎಲ್ಲವೂ ಅದರಲ್ಲೇ. ಕಕ್ಕಡದ ಮಳೆಗೆ ಸಿಲ್ವರ್ ಮರವೊಂದು ಲೈನಿನ ಮೇಲೆ ಒರಗಿ, ಕರೆಂಟು ರಾತ್ರಿಯಿಡೀ ಹೋಗುವುದು ಬರುವುದು ಮಾಡಿದ ಮೇಲೆ ಡಿಸ್ಕ್ ಸರಿಯಾಗಿ ಓದಲು ಬರುತ್ತಿಲ್ಲ. ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಮಳೆಗಾಲದಲ್ಲಿ ಡಿಸ್ಕ್ ಸಾಯುವುದು ಕೊಡಗಿನವರಿಗೆ ಸುದ್ದಿಯಲ್ಲ.

ಸುದ್ದಿ ಏನೆಂದರೆ, ಅದನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಮೌಂಟ್ ಮಾಡಿದಾಗ, ಅಂದರೆ ಅದರ ಕಡತಗಳು ಕಾಣುವಂತೆ ತೆರೆಯಹೊರಟಾಗ, ದೋಷದ ಸಂದೇಶ ಬರುವ ಬದಲು ಮೌಂಟ್ ಆದೇಶವೇ ನಡುವೆ ಸತ್ತುಹೋಯಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ಮೊದಲು ಡಿಸ್ಕ್ ಓದಲಾಗದ ಸಾಲು. ಅದರ ಕೆಳಗೆ, ಈ ಫೈಲ್‌ಸಿಸ್ಟಮ್‌ನ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ‘ಗೆಟ್_ಟ್ರೀ’ ಫಂಕ್ಷನ್ ರೂಟ್ ಅನ್ನು (ಮೂಲ ಡೈರೆಕ್ಟರಿ) ಹೊಂದಿಸಿಲ್ಲ, ಹಿಂದಿರುಗಿಸಿದ್ದು 0 ಎಂಬ ಸಾಲು. ಅದರ ಕೆಳಗೆ ‘ಕರ್ನಲ್ ಬಗ್’ ಎಂಬ ತಲೆಬರಹದೊಂದಿಗೆ ರಿಜಿಸ್ಟರ್‌ಗಳ ಸಾಲುಸಾಲು. ಆಮೇಲೆ, ಮೆಮೊರಿಯಲ್ಲಿರುವ ಬರಹವನ್ನೆಲ್ಲ ಡಿಸ್ಕಿಗೆ ಇಳಿಸುವ ಸಿಂಕ್ ಆದೇಶ ಕೊಟ್ಟರೆ ಅದು ಮರಳಿ ಬರಲೇ ಇಲ್ಲ. ಪ್ರಕ್ರಿಯೆಗಳ ಪಟ್ಟಿಯಲ್ಲಿ ಅದರ ಮುಂದೆ ‘ಡಿ’, ಅಂದರೆ ಎಬ್ಬಿಸಲಾಗದಂತೆ ಕಾಯುವ ಸ್ಥಿತಿ. ಕಿಲ್ ಕೊಟ್ಟರೂ ಜಗ್ಗದು. ಕೊನೆಗೆ ಪವರ್ ಗುಂಡಿಯನ್ನೇ ಒತ್ತಿ ಹಿಡಿಯಬೇಕಾಯಿತು.

ಫೈಲ್‌ಸಿಸ್ಟಮ್‌ನ ಹೆಸರನ್ನು ಸದ್ಯಕ್ಕೆ ಬರೆಯುವುದಿಲ್ಲ, ಪಾಲಕರಿಗೆ ಮೊದಲು ತಿಳಿಸಬೇಕು. ಲಿನಕ್ಸ್ ಕರ್ನಲ್‌ನೊಳಗೇ ಇರುವಂಥದ್ದು, ಬಳಸುವವರು ಕಡಿಮೆ. ಡಿಸ್ಕ್ ಕೆಟ್ಟರೆ ಕೆಡಲಿ, ಅದು ಕರ್ನಲ್ ಅನ್ನೂ ಕೆಡವಬಾರದು ಎಂಬುದು ನನ್ನ ಹಟ. ಯಾರಾದರೂ ಈ ಸಾಲನ್ನು ಕಂಡದ್ದಿದೆಯೇ?

ವಿರಾಜಪೇಟೆ_ರಿಪೇರಿ:

ಮೊದಲು ಆ ಡಿಸ್ಕನ್ನು ಬಿಚ್ಚಿಡಿ. ಮತ್ತೆ ಮತ್ತೆ ಮೌಂಟ್ ಮಾಡಿ ನೋಡುವುದು ಬೇಡ. ಓದಲಾಗದ ಜಾಗದ ಮೇಲೆ ಹೆಡ್ ಉಜ್ಜಿದಷ್ಟೂ ಉಳಿದದ್ದೂ ಹೋಗುತ್ತದೆ. ಡಿಡಿರೆಸ್ಕ್ಯೂ ಹಾಕಿ ಪೂರ್ತಿ ಡಿಸ್ಕ್‌ನ ಪ್ರತಿ ತೆಗೆಯಿರಿ, ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ಮ್ಯಾಪ್ ಇದ್ದರೆ ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ನಮ್ಮ ಊರಿನಲ್ಲಿ ಇದೇ ದೊಡ್ಡ ವರ. ಪರೀಕ್ಷೆ, ಪ್ರಯೋಗ, ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ತಪಾಸಣೆ) ಎಲ್ಲವೂ ಪ್ರತಿಯ ಮೇಲೆ ಮಾತ್ರ.

ಒಣ_ಮೆಣಸು:

ಡಿಸ್ಕ್ ಕೆಟ್ಟಿದೆ. ಹೊಸದು ತನ್ನಿ, ಒಂದು ಒಳ್ಳೆಯ ಯುಪಿಎಸ್ ತನ್ನಿ. ಕೆಟ್ಟ ಡಿಸ್ಕಿಗಾಗಿ ಕರ್ನಲ್ ರಿಪೇರಿ ಮಾಡಲು ಹೊರಟವರನ್ನು ಇದೇ ಮೊದಲು ನೋಡುತ್ತಿರುವುದು.

ಮಂಜಿನೂರು:

ಮೂಲತಃ ಮಡಿಕೇರಿಯವನು, ಈಗ ಬೆಂಗಳೂರಿನಲ್ಲಿ ಸ್ಟೋರೇಜ್ ಡ್ರೈವರ್‌ಗಳ ಕೆಲಸ. ನಿಮ್ಮ ಲಾಗ್‌ನಲ್ಲಿ ಹಿಡಿಯಬೇಕಾದ ಎಳೆ ಆ ‘ಹಿಂದಿರುಗಿಸಿದ್ದು 0’. ಕರ್ನಲ್‌ನೊಳಗೆ ಫಂಕ್ಷನ್ ಸೋತರೆ ಋಣಾತ್ಮಕ ಸಂಖ್ಯೆ ಕೊಡಬೇಕು. ಓದು-ಬರಹದ ದೋಷಕ್ಕೆ ಮೈನಸ್ 5, ಮೆಮೊರಿ ಸಿಗದಿದ್ದರೆ ಮೈನಸ್ 12, ಜಾಗ ಮುಗಿದರೆ ಮೈನಸ್ 28. ಸೊನ್ನೆ ಎಂದರೆ ಎಲ್ಲ ಸುಸೂತ್ರ. ನಿಮ್ಮ ಫೈಲ್‌ಸಿಸ್ಟಮ್ ಡಿಸ್ಕ್ ಓದಲಾಗದೆ ಕೈಚೆಲ್ಲಿದೆ, ತಾನು ತೆರೆದದ್ದನ್ನೆಲ್ಲ ಮುಚ್ಚಿದೆ, ಆಮೇಲೆ ಮೇಲಿನವರಿಗೆ ‘ಎಲ್ಲ ಸುಸೂತ್ರ’ ಎಂದು ವರದಿ ಕೊಟ್ಟಿದೆ. ಎಲ್ಲ ಫೈಲ್‌ಸಿಸ್ಟಮ್‌ಗಳಿಗೂ ಸಾಮಾನ್ಯವಾದ ಮೇಲಿನ ವಿಎಫ್‌ಎಸ್ ಪದರ ಅದನ್ನು ನಂಬಿ ರೂಟ್ ಡೈರೆಕ್ಟರಿಯನ್ನು ಹುಡುಕಿದೆ, ಅಲ್ಲಿ ಏನೂ ಇಲ್ಲ. ಇಂಥ ಸ್ಥಿತಿಯಲ್ಲಿ ಸೂಪರ್‌ಬ್ಲಾಕ್‌ನ (ಫೈಲ್‌ಸಿಸ್ಟಮ್‌ನ ಮುಖ್ಯ ವಿವರಗಳ ದಾಖಲೆ) ಬೀಗ ಯಾರ ಕೈಯಲ್ಲಿದೆ ಎಂಬುದೂ ಅದಕ್ಕೆ ಗೊತ್ತಿರುವುದಿಲ್ಲ, ಹಾಗಾಗಿ ಬೇಕೆಂದೇ ‘ಬಗ್’ ಎಂದು ಕೂಗಿ ನಿಲ್ಲುತ್ತದೆ. ಸಿಂಕ್ ಸಿಕ್ಕಿಹಾಕಿಕೊಂಡದ್ದೂ ಅದಕ್ಕೇ: ಸತ್ತ ಮೌಂಟ್ ಪ್ರಕ್ರಿಯೆ ಆ ಬೀಗವನ್ನು ಹಿಡಿದುಕೊಂಡೇ ಸತ್ತಿದೆ, ಸಿಂಕ್ ಅದರ ಬಾಗಿಲಲ್ಲಿ ಕಾಯುತ್ತಿದೆ.

ಮೌಂಟ್ ಮಾಡುವಾಗ ಸೂಪರ್‌ಬ್ಲಾಕ್ ತುಂಬುವ ‘ಫಿಲ್_ಸೂಪರ್’ ಎಂಬ ಫಂಕ್ಷನ್ ತೆರೆಯಿರಿ. ಪ್ರತಿಯೊಂದು ಗೋಟೂ (ಬೇರೆ ಸಾಲಿಗೆ ಜಿಗಿ ಎಂಬ ಆದೇಶ) ಸಾಲಿನ ಹತ್ತಿರ ಬೆರಳಿಟ್ಟು ‘ಈ ಕ್ಷಣ ರೆಟ್‌ನಲ್ಲಿ (ಕೊನೆಗೆ ಹಿಂದಿರುಗಿಸುವ ಬೆಲೆ) ಏನಿದೆ’ ಎಂದು ಕೇಳುತ್ತಾ ಹೋಗಿ. ಎಲ್ಲೋ ಒಂದು ಕಡೆ ಸೊನ್ನೆ ಸಿಗುತ್ತದೆ.

ಶನಿವಾರಸಂತೆ_ಸಿಎಸ್:

ನಾನು ಎಂಜಿನಿಯರಿಂಗ್ ಮೂರನೆಯ ವರ್ಷ. ಗೋಟೂ ಬಳಸಲೇಬಾರದು ಎಂದು ನಮಗೆ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಟ್ಟಿದ್ದಾರೆ. ಕರ್ನಲ್‌ನಲ್ಲಿ ಅದನ್ನು ಬಳಸುತ್ತಾರೆಯೇ?

ಕುಶಾಲನಗರ_ಮೇಷ್ಟ್ರು:

ಬಳಸುತ್ತಾರೆ, ರಾಜಾರೋಷವಾಗಿ ಬಳಸುತ್ತಾರೆ. ಕರ್ನಲ್‌ನ ಬರವಣಿಗೆಯ ನಿಯಮಗಳಲ್ಲೇ ಅದಕ್ಕೆ ಒಂದು ಅಧ್ಯಾಯವಿದೆ. ಕಾಲೇಜಿನಲ್ಲಿ ಬೇಡವೆನ್ನುವುದು ಹಿಂದಕ್ಕೂ ಮುಂದಕ್ಕೂ ಜಿಗಿಯುವ ಗೋಟೂವನ್ನು. ಇಲ್ಲಿರುವುದು ಕೆಳಕ್ಕೆ ಮಾತ್ರ ಜಿಗಿಯುವಂಥದ್ದು.

ಸಿ ಭಾಷೆಯಲ್ಲಿ ತಾನಾಗಿ ಗುಡಿಸಿ ಹೋಗುವ ವ್ಯವಸ್ಥೆ ಇಲ್ಲ. ಮೌಂಟ್ ಮಾಡುವಾಗ ಮೊದಲು ಸೂಪರ್‌ಬ್ಲಾಕ್ ಓದುತ್ತೀರಿ, ಆಮೇಲೆ ಮೆಮೊರಿ ಪಡೆಯುತ್ತೀರಿ, ಆಮೇಲೆ ಯಾವ ಜಾಗ ಖಾಲಿ ಎಂದು ಹೇಳುವ ಬಿಟ್‌ಮ್ಯಾಪ್ ಬ್ಲಾಕ್‌ಗಳನ್ನು ಓದುತ್ತೀರಿ, ಆಮೇಲೆ ರೂಟ್ ಐನೋಡ್, ಅಂದರೆ ರೂಟ್ ಡೈರೆಕ್ಟರಿಯ ವಿವರಗಳ ದಾಖಲೆ. ನಾಲ್ಕನೆಯ ಹಂತ ಸೋತರೆ ಮೂರು, ಎರಡು, ಒಂದು ಎಂದು ಬಿಡುತ್ತಾ ಬರಬೇಕು. ಮೆಣಸು ಕೊಯ್ಯಲು ಏಣಿ ಹತ್ತಿದವನು ಎಷ್ಟನೆಯ ಮೆಟ್ಟಿಲಲ್ಲಿದ್ದಾನೋ ಅಲ್ಲಿಂದಲೇ ಇಳಿಯಬೇಕಲ್ಲವೇ, ಹಾಗೆ. ಫಂಕ್ಷನ್‌ನ ಕೊನೆಯಲ್ಲಿ ಒಂದರ ಕೆಳಗೊಂದು ಲೇಬಲ್ ಇರುತ್ತದೆ, ಸೋತ ಜಾಗಕ್ಕೆ ತಕ್ಕ ಲೇಬಲ್‌ಗೆ ಜಿಗಿದರೆ ಅಲ್ಲಿಂದ ಕೆಳಗಿನದೆಲ್ಲ ಸಾಲಾಗಿ ನಡೆಯುತ್ತದೆ. ಲೇಬಲ್‌ಗೆ ‘ಎರರ್1’, ‘ಎರರ್2’ ಎಂದು ಹೆಸರಿಡುವವರ ಮೇಲೆ ನನಗೆ ಕೋಪವಿದೆ. ಏನನ್ನು ಬಿಡುಗಡೆ ಮಾಡುತ್ತದೋ ಅದನ್ನೇ ಹೆಸರಾಗಿಸಬೇಕು. ನಡುವೆ ಒಂದು ಹಂತ ಹೊಸದಾಗಿ ಸೇರಿದರೆ ಸಂಖ್ಯೆಗಳೆಲ್ಲ ಅರ್ಥಹೀನವಾಗುತ್ತವೆ.

ಒಣ_ಮೆಣಸು:

ಮೇಷ್ಟ್ರೇ, ನಮ್ಮ ತೋಟದಲ್ಲಿ ಏಣಿಯಿಂದ ಸೀದಾ ಜಿಗಿಯುವವರೂ ಇದ್ದಾರೆ.

ನಾಪೋಕ್ಲು_ಮಳೆ:

ರಿಪೇರಿಯವರೇ, ನೀವು ಹೇಳಿದಂತೆ ಪ್ರತಿ ತೆಗೆಯಲು ಹಚ್ಚಿದ್ದೇನೆ, ನಿಧಾನವಾಗಿ ಸಾಗುತ್ತಿದೆ. ಅಷ್ಟರಲ್ಲಿ ಕೋಡ್ ಓದಿದೆ. ಸೊನ್ನೆ ಸಿಕ್ಕಿತು.

ಫಂಕ್ಷನ್‌ನ ಮೊದಲ ಸಾಲಿನಲ್ಲಿ ರೆಟ್ ಅನ್ನು ಮೈನಸ್ 22ಕ್ಕೆ, ಅಂದರೆ ‘ಅಮಾನ್ಯ’ ಎಂಬ ದೋಷಕ್ಕೆ, ಹೊಂದಿಸಿಟ್ಟಿದ್ದಾರೆ. ಮೂಲ ಲೇಖಕರ ಲೆಕ್ಕ ಸರಳ: ಎಲ್ಲಿ ಸೋತರೂ ಗೋಟೂ ಹಾಕಿದರೆ ಸಾಕು, ದೋಷಸಂಖ್ಯೆ ಮೊದಲೇ ತುಂಬಿದೆ. ಹಾಗೆ ಬರೆದಾಗ ಅದು ಸರಿಯಾಗಿಯೇ ಇತ್ತು. ವರ್ಷಗಳ ನಂತರ ಬೇರೊಬ್ಬರು ನಡುವೆ ಒಂದು ಕರೆ ಸೇರಿಸಿದ್ದಾರೆ. ಆ ಕರೆಯ ಫಲಿತಾಂಶವನ್ನು ರೆಟ್‌ಗೇ ಹಾಕಿ, ಸೊನ್ನೆಯಲ್ಲದಿದ್ದರೆ ಗೋಟೂ ಎಂದು ಬರೆದಿದ್ದಾರೆ. ಬಿಡಿಯಾಗಿ ನೋಡಿದರೆ ಆ ಮೂರು ಸಾಲಿನಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಕರೆ ಗೆದ್ದ ಕೂಡಲೇ ರೆಟ್ ಸೊನ್ನೆಯಾಗುತ್ತದೆ, ಅದರ ಕೆಳಗಿರುವ ಹಳೆಯ ಗೋಟೂಗಳೆಲ್ಲ ಅಲ್ಲಿಂದ ಮುಂದೆ ಸೊನ್ನೆಯನ್ನೇ ಹೊತ್ತುಕೊಂಡು ಹೋಗುತ್ತವೆ. ಬಿಟ್‌ಮ್ಯಾಪ್ ಬ್ಲಾಕ್ ಓದುವ ಸುರುಳಿ ಅದರ ಕೆಳಗೇ ಇದೆ. ಚಿಕ್ಕಪ್ಪನ ಡಿಸ್ಕ್‌ನಲ್ಲಿ ಕೆಟ್ಟಿರುವುದು ಅದೇ ಬ್ಲಾಕ್.

ಕಂಪೈಲರ್ ಯಾಕೆ ಎಚ್ಚರಿಸಲಿಲ್ಲ ಎಂದರೆ, ಅದರ ದೃಷ್ಟಿಯಲ್ಲಿ ರೆಟ್‌ಗೆ ಬೆಲೆ ಇದೆ. ಬೆಲೆ ಇಲ್ಲದ್ದನ್ನು ಅದು ಗುರುತಿಸುತ್ತದೆ, ತಪ್ಪು ಬೆಲೆಯನ್ನು ಗುರುತಿಸುವುದಿಲ್ಲ.

ಮಂಜಿನೂರು:

ಇದು ತೀರಾ ಪರಿಚಿತ ಮುಖ. 2008ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ 2.6ರ ಎಲ್ಲ ಫೈಲ್‌ಸಿಸ್ಟಮ್‌ಗಳನ್ನೂ ಮೂರು ಮುಖ್ಯ ಸ್ಟೋರೇಜ್ ಡ್ರೈವರ್‌ಗಳನ್ನೂ ಜಾಲಾಡಿದ್ದರು. 1153 ಕರೆಗಳಲ್ಲಿ, ಅಂದರೆ ನೂರಕ್ಕೆ 13ರಷ್ಟರಲ್ಲಿ, ದೋಷಸಂಖ್ಯೆಯನ್ನು ಯಾರೂ ಗಮನಿಸದೆ ಕೈಬಿಟ್ಟಿದ್ದು ಕಂಡುಬಂತು. ಈ ಕೋಡ್ ಬರೆಯುವವರು ದಡ್ಡರಲ್ಲ. ದೋಷದ ದಾರಿಯಲ್ಲಿ ಯಾರೂ ನಡೆಯುವುದಿಲ್ಲ, ಅಷ್ಟೇ. ಗೆಲ್ಲುವ ದಾರಿ ದಿನಕ್ಕೆ ಲಕ್ಷ ಸಲ ಓಡುತ್ತದೆ, ಸೋಲುವ ದಾರಿ ನಿಮ್ಮ ಚಿಕ್ಕಪ್ಪನ ಡಿಸ್ಕ್ ಕೆಡುವವರೆಗೆ ಒಂದು ಸಲವೂ ಓಡಿರಲಿಕ್ಕಿಲ್ಲ.

ಸ್ಮ್ಯಾಚ್ ಎಂಬ ಪರಿಶೀಲನಾ ಸಾಧನ ಇದೆ, ಡ್ಯಾನ್ ಕಾರ್ಪೆಂಟರ್ ಅವರದು. ಗೋಟೂ ಹಾಕಿ ಹೊರಡುವಾಗ ರೆಟ್‌ನಲ್ಲಿ ಸೊನ್ನೆ ಇದ್ದರೆ ‘ದೋಷಸಂಖ್ಯೆ ಕಾಣೆಯಾಗಿದೆ’ ಎಂದು ಅದು ಹೇಳುತ್ತದೆ. ಈ ಕಡತದ ಮೇಲೆ ಓಡಿಸಿ ನೋಡಿ.

ಇನ್ನೊಂದು ಮಾತು. ರೆಟ್‌ಗೆ ಮೇಲೆಯೇ ಬೆಲೆ ತುಂಬಿಡುವ ಪದ್ಧತಿ ನನಗೆ ಹಿಡಿಸದು. ಸೋತ ಜಾಗದಲ್ಲೇ, ಗೋಟೂವಿನ ಹಿಂದಿನ ಸಾಲಿನಲ್ಲೇ, ಬೆಲೆ ಬರೆಯಬೇಕು. ಓದುವವನು ಕಣ್ಣು ಮೇಲಕ್ಕೆ ಎತ್ತದೆ ಅರ್ಥ ಮಾಡಿಕೊಳ್ಳುವಂತಿರಬೇಕು.

ಕುಶಾಲನಗರ_ಮೇಷ್ಟ್ರು:

ಅಷ್ಟು ಖಡಾಖಂಡಿತ ಬೇಡ. ಮೇಲೆ ತುಂಬಿಟ್ಟರೆ ಸಾಲುಗಳು ಕಡಿಮೆಯಾಗುತ್ತವೆ, ಫಂಕ್ಷನ್ ಒಂದೇ ನೋಟಕ್ಕೆ ಸಿಗುತ್ತದೆ. ಹಳೆಯ ಕೋಡ್‌ನಲ್ಲೆಲ್ಲ ಅದೇ ರೂಢಿ. ತಪ್ಪಿದ್ದು ರೂಢಿಯಲ್ಲ, ರೂಢಿಯನ್ನು ಗಮನಿಸದೆ ನಡುವೆ ಕರೆ ಸೇರಿಸಿದ್ದು.

ಮಂಜಿನೂರು:

ಮೇಷ್ಟ್ರೇ, ಹತ್ತು ವರ್ಷ ಬಿಟ್ಟು ಬರುವವನು ಗಮನಿಸುತ್ತಾನೆ ಎಂದು ನಂಬಿ ಬರೆಯುವುದೇ ತಪ್ಪು. ಎರಡು ಸಾಲು ಹೆಚ್ಚಾದರೆ ಆಗಲಿ.

ಶನಿವಾರಸಂತೆ_ಸಿಎಸ್:

ಒಂದು ಸಂಶಯ. ಹಾಗಾದರೆ ಪ್ರತಿ ಕರೆಯ ನಂತರ ‘ಸೊನ್ನೆಯಲ್ಲದಿದ್ದರೆ ಹೊರಡು’ ಎಂದು ಬರೆದರೆ ಮುಗಿಯಿತಲ್ಲವೇ?

ನಾಪೋಕ್ಲು_ಮಳೆ:

ಹಾಗೆ ಬರೆದರೂ ಮುಗಿಯುವುದಿಲ್ಲ, ನನಗೂ ಇಲ್ಲಿಯೇ ತಲೆ ಕೆಟ್ಟದ್ದು. ಈ ಒಂದೇ ಫಂಕ್ಷನ್‌ನಲ್ಲಿ ಸೋಲನ್ನು ಹೇಳುವ ರೀತಿ ನಾಲ್ಕು.

ಸಾಮಾನ್ಯ ಫಂಕ್ಷನ್‌ಗಳು ಸೋತರೆ ಋಣಾತ್ಮಕ ಸಂಖ್ಯೆ ಕೊಡುತ್ತವೆ, ಸೊನ್ನೆ ಎಂದರೆ ಗೆಲುವು. ಬ್ಲಾಕ್ ಗಾತ್ರ ಹೊಂದಿಸುವ ‘ಎಸ್‌ಬಿ_ಸೆಟ್_ಬ್ಲಾಕ್‌ಸೈಜ್’ ಗೆದ್ದರೆ ಗಾತ್ರವನ್ನು ಕೊಡುತ್ತದೆ, ಸೋತರೆ ಸೊನ್ನೆ. ಅಂದರೆ ಇಲ್ಲಿ ಸೊನ್ನೆಯೇ ಸೋಲು. ಬ್ಲಾಕ್ ಓದುವ ‘ಎಸ್‌ಬಿ_ಬ್ರೆಡ್’ ಸೋತರೆ ನಲ್ ಪಾಯಿಂಟರ್, ಅಂದರೆ ಎಲ್ಲಿಗೂ ತೋರಿಸದ ವಿಳಾಸ, ಕೊಡುತ್ತದೆ, ಯಾಕೆ ಸೋತಿತು ಎಂದು ಹೇಳುವುದಿಲ್ಲ. ಓದು ದೋಷ ಎಂದು ನಾವೇ ತಿಳಿದು ಮೈನಸ್ 5 ಬರೆಯಬೇಕು. ಇನ್ನು ಈ ಫೈಲ್‌ಸಿಸ್ಟಮ್‌ನ ಐನೋಡ್ ತರುವ ಫಂಕ್ಷನ್ ಸೋತರೆ ಸಂಖ್ಯೆಯನ್ನು ಪಾಯಿಂಟರ್‌ನೊಳಗೇ ತುರುಕಿ ಕಳುಹಿಸುತ್ತದೆ. ವಿಳಾಸಗಳ ತುತ್ತತುದಿಯ 4095 ಬೆಲೆಗಳನ್ನು ಕರ್ನಲ್ ಇದಕ್ಕೆಂದೇ ಮೀಸಲಿಟ್ಟಿದೆ. ಅದು ನಲ್ ಅಲ್ಲ, ಆದ್ದರಿಂದ ‘ನಲ್ ಆಗಿದೆಯೇ’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತದೆ, ನೀವು ಅದನ್ನು ನಿಜವಾದ ವಿಳಾಸವೆಂದು ನಂಬಿ ಒಳಗೆ ಕೈಹಾಕುತ್ತೀರಿ. ಅದನ್ನು ‘ಇಸ್_ಎರ್’ ಎಂದು ಕೇಳಬೇಕು, ಸಂಖ್ಯೆಯನ್ನು ‘ಪಿಟಿಆರ್_ಎರ್’ ಮೂಲಕ ಹೊರತೆಗೆಯಬೇಕು.

ಬಿಡುಗಡೆ ಮಾಡುವ ಕಡೆಯೂ ಹೀಗೆಯೇ. ಮೆಮೊರಿ, ಬ್ಲಾಕ್, ಐನೋಡ್‌ಗಳನ್ನು ಕ್ರಮವಾಗಿ ಬಿಡುವ ‘ಕೆಫ್ರೀ’, ‘ಬಿರೆಲ್ಸ್’, ‘ಐಪುಟ್’ ಮೂರೂ ನಲ್ ಕೊಟ್ಟರೆ ಸುಮ್ಮನಿರುತ್ತವೆ. ಆ ಧೈರ್ಯದಲ್ಲಿ ಐಪುಟ್‌ಗೆ ದೋಷ ಹೊತ್ತ ಪಾಯಿಂಟರ್ ಕೊಟ್ಟರೆ ಅಲ್ಲೇ ಪತನ.

ಇದನ್ನು ಹುಡುಕುವಾಗ ಎರಡನೆಯ ಬಗ್ ಕೂಡ ಕಣ್ಣಿಗೆ ಬಿತ್ತು. ರೂಟ್ ಐನೋಡ್ ಸಿಕ್ಕಿದ ಮೇಲೆ, ಅದರಿಂದ ರೂಟ್ ಡೈರೆಕ್ಟರಿಯ ನಮೂದು ಕಟ್ಟುವ ‘ಡಿ_ಮೇಕ್_ರೂಟ್’ ಕರೆದು, ಅದು ನಲ್ ಕೊಟ್ಟರೆ ಐಪುಟ್ ಮಾಡುವ ಲೇಬಲ್‌ಗೆ ಹೋಗುತ್ತಾರೆ. ಇದು ಸರಿಯೇ?

ಮಂಜಿನೂರು:

ಸರಿಯಲ್ಲ. ಡಿ_ಮೇಕ್_ರೂಟ್ ಗೆದ್ದರೂ ಸೋತರೂ ಐನೋಡ್‌ನ ಹೊಣೆಯನ್ನು ತಾನೇ ವಹಿಸಿಕೊಳ್ಳುತ್ತದೆ. ಸೋತರೆ ಐಪುಟ್ ಅನ್ನೂ ತಾನೇ ಮಾಡುತ್ತದೆ. ನೀವು ಇನ್ನೊಮ್ಮೆ ಮಾಡಿದರೆ, ಐನೋಡ್ ಅನ್ನು ಎಷ್ಟು ಕಡೆ ಹಿಡಿದಿದ್ದಾರೆ ಎಂಬ ಎಣಿಕೆ ಒಂದು ಹೆಚ್ಚು ಇಳಿಯುತ್ತದೆ. 2012ಕ್ಕಿಂತ ಮುಂಚೆ ಈ ಜಾಗದಲ್ಲಿ ‘ಡಿ_ಅಲಾಕ್_ರೂಟ್’ ಇತ್ತು, ಅದು ಸೋತರೆ ಐನೋಡ್ ಬಿಡುವುದು ಕರೆದವನ ಕೆಲಸವಾಗಿತ್ತು. ಬಹಳ ಕಡೆ ಅದನ್ನು ತಪ್ಪಾಗಿ ಬಳಸುತ್ತಿದ್ದರು ಎಂಬ ಕಾರಣಕ್ಕೇ ಅದನ್ನು ತೆಗೆದು ಹೊಸದನ್ನು ತಂದದ್ದು. ಹಳೆಯ ಅಭ್ಯಾಸದ ಕೈ ಇನ್ನೂ ಅಲ್ಲಲ್ಲಿ ಓಡಾಡುತ್ತಿದೆ.

ಇದರ ಜೊತೆ ಇನ್ನೊಂದನ್ನೂ ನೋಡಿಕೊಳ್ಳಿ. ಸೂಪರ್‌ಬ್ಲಾಕ್‌ನಲ್ಲಿ ರೂಟ್ ಇಡುವ ಜಾಗವಾದ ‘ಎಸ್_ರೂಟ್’ ಹೊಂದಿಸಿದ ಮೇಲೆ ಸೋಲಬಹುದಾದ ಕೆಲಸ ಏನಾದರೂ ಇದೆಯೇ? ಫಿಲ್_ಸೂಪರ್ ಸೋತಾಗ ವಿಎಫ್‌ಎಸ್ ಸೂಪರ್‌ಬ್ಲಾಕ್ ಅನ್ನು ಮುಚ್ಚುತ್ತದೆ. ಆಗ ಎಸ್_ರೂಟ್ ನಲ್ ಆಗಿದ್ದರೆ ಶುಚಿ ಮಾಡುವ ನಿಮ್ಮ ‘ಪುಟ್_ಸೂಪರ್’ ಅನ್ನು ಅದು ಕರೆಯುವುದೇ ಇಲ್ಲ, ಶುಚಿ ಮಾಡುವುದೆಲ್ಲ ನಿಮ್ಮ ಹೊಣೆ. ಎಸ್_ರೂಟ್ ತುಂಬಿದ್ದರೆ ಕರೆಯುತ್ತದೆ. ನೀವೂ ಶುಚಿ ಮಾಡಿದ್ದರೆ ಅದೇ ಮೆಮೊರಿ ಎರಡು ಸಲ ಬಿಡುಗಡೆ.

ನಾಪೋಕ್ಲು_ಮಳೆ:

ನೋಡಿದೆ. ಎಸ್_ರೂಟ್ ಹೊಂದಿಸುವುದೇ ಇದರಲ್ಲಿ ಕೊನೆಯ ಕೆಲಸ, ಅಲ್ಲಿಂದ ಸೀದಾ ಸೊನ್ನೆ. ಆ ಭಯವಿಲ್ಲ.

ಒಣ_ಮೆಣಸು:

ತಮಾಷೆ ಬಿಟ್ಟು ಕೇಳುತ್ತೇನೆ. ನೀವು ಮೈನಸ್ 5 ಎಂದು ಬರೆದ ಮಾತ್ರಕ್ಕೆ ಡಿಸ್ಕ್ ಓದಲು ಬರುತ್ತದೆಯೇ? ಮುಂಚೆಯೂ ಮೌಂಟ್ ಆಗುತ್ತಿರಲಿಲ್ಲ, ಇನ್ನು ಮುಂದೆಯೂ ಆಗುವುದಿಲ್ಲ. ಲಾಭ ಏನು?

ವಿರಾಜಪೇಟೆ_ರಿಪೇರಿ:

ಅಂಗಡಿಯಲ್ಲಿ ಕುಳಿತವನಾಗಿ ನಾನು ಉತ್ತರಿಸುತ್ತೇನೆ. ನನ್ನ ಮೇಜಿನ ಮೇಲೆ ಒಂದೇ ಯಂತ್ರಕ್ಕೆ ಮೂವರ ಡಿಸ್ಕ್ ಜೋಡಿಸಿರುತ್ತೇನೆ. ಒಂದರಿಂದ ಪ್ರತಿ ಆಗುತ್ತಿರುತ್ತದೆ, ಇನ್ನೊಂದಕ್ಕೆ ಬರೆಯುತ್ತಿರುತ್ತದೆ. ಮೂರನೆಯದು ಕೆಟ್ಟದ್ದು ಎಂಬ ಕಾರಣಕ್ಕೆ ಸಿಂಕ್ ನಿಂತುಬಿಟ್ಟರೆ ಮೊದಲಿನ ಇಬ್ಬರ ಬರಹ ಮೆಮೊರಿಯಲ್ಲೇ ಉಳಿಯುತ್ತದೆ, ನಾನು ಪವರ್ ಗುಂಡಿ ಒತ್ತುತ್ತೇನೆ, ಅವರದ್ದೂ ಹೋಗುತ್ತದೆ. ಕೆಟ್ಟ ಡಿಸ್ಕ್ ‘ನಾನು ಕೆಟ್ಟಿದ್ದೇನೆ’ ಎಂದಷ್ಟೇ ಹೇಳಿ ಸುಮ್ಮನಿದ್ದರೆ ನನಗೆ ಅಷ್ಟೇ ಬೇಕಾದದ್ದು.

ಕುಶಾಲನಗರ_ಮೇಷ್ಟ್ರು:

ಯಾವ ಸಂಖ್ಯೆ ಎಂಬುದೂ ಮುಖ್ಯ. ಮೈನಸ್ 22 ಕೊಟ್ಟರೆ ಮೌಂಟ್ ಆದೇಶ ‘ಫೈಲ್‌ಸಿಸ್ಟಮ್‌ನ ಬಗೆ ತಪ್ಪು, ಆಯ್ಕೆ ತಪ್ಪು ಅಥವಾ ಸೂಪರ್‌ಬ್ಲಾಕ್ ಸರಿಯಿಲ್ಲ’ ಎಂಬ ಗೊಂದಲದ ಸಾಲನ್ನು ತೋರಿಸುತ್ತದೆ. ಅದನ್ನು ನೋಡಿದವನು ಬೇರೆ ಬೇರೆ ಬಗೆ ಹಾಕಿ ಪ್ರಯತ್ನಿಸುತ್ತಾ ಕೂರುತ್ತಾನೆ. ಇನ್ನೂ ಅವಸರದವನು ಫಾರ್ಮ್ಯಾಟ್ ಮಾಡಿಯೇ ಬಿಡುತ್ತಾನೆ. ಮೈನಸ್ 5 ಕೊಟ್ಟರೆ ‘ಸೂಪರ್‌ಬ್ಲಾಕ್ ಓದಲಾಗುತ್ತಿಲ್ಲ’ ಎನ್ನುತ್ತದೆ, ಜನ ಡಿಸ್ಕ್‌ನ ಕಡೆ ನೋಡುತ್ತಾರೆ.

ಒಣ_ಮೆಣಸು:

ಇರಲಿ, ಒಪ್ಪಿದೆ. ಆದರೆ ಇದು ಯಾರೂ ಬಳಸದ ಫೈಲ್‌ಸಿಸ್ಟಮ್‌ನ ಕಥೆ. ಬ್ಯಾಂಕು, ರೈಲ್ವೆಯವರ ದತ್ತಾಂಶ ಇಡುವ ಕಡೆ ಇದನ್ನೆಲ್ಲ ಯಾವತ್ತೋ ಸರಿಮಾಡಿರುತ್ತಾರೆ.

ಮಂಜಿನೂರು:

ಹಾಗೆಂದೇ ಎಲ್ಲರೂ 2018ರವರೆಗೆ ನಂಬಿದ್ದರು. ಆ ವರ್ಷ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಬಳಗದಲ್ಲಿ ಒಂದು ವಿಷಯ ಹೊರಬಂತು. ಒಂದು ಕಡತದ ಬರಹವನ್ನು ಡಿಸ್ಕಿಗೆ ಇಳಿಸು ಎನ್ನುವ ಎಫ್‌ಸಿಂಕ್ ಕೊಟ್ಟಾಗ ಡಿಸ್ಕಿಗೆ ಬರೆಯಲಾಗದೆ ದೋಷ ಬಂದಿತು ಎಂದಿಟ್ಟುಕೊಳ್ಳಿ. ‘ಇನ್ನೊಮ್ಮೆ ಪ್ರಯತ್ನಿಸೋಣ’ ಎಂದು ಪೋಸ್ಟ್‌ಗ್ರೆಸ್ ಮತ್ತೆ ಎಫ್‌ಸಿಂಕ್ ಕೊಡುತ್ತಿತ್ತು. ಎರಡನೆಯ ಸಲ ಸೊನ್ನೆ, ಗೆಲುವು. ಆದರೆ ಬರಹ ಡಿಸ್ಕ್ ಸೇರಿರಲಿಲ್ಲ. ಮೊದಲ ಸಲ ಸೋತಾಗಲೇ ಕರ್ನಲ್ ಆ ಪುಟಗಳನ್ನು ‘ಬರೆಯಬೇಕಾದದ್ದೇನೂ ಇಲ್ಲ’ ಎಂದು ಗುರುತು ಹಾಕಿಬಿಡುತ್ತಿತ್ತು, ದೋಷವನ್ನು ಒಮ್ಮೆ ಹೇಳಿ ಮರೆತುಬಿಡುತ್ತಿತ್ತು. ಕೆಲವು ಸಂದರ್ಭಗಳಲ್ಲಿ ಆ ಒಮ್ಮೆಯೂ ಬೇರೆ ಯಾರಿಗೋ ಹೇಳಿರುತ್ತಿತ್ತು.

2017ರಲ್ಲಿ 4.13ನೆಯ ಕರ್ನಲ್‌ನಲ್ಲಿ ಜೆಫ್ ಲೇಟನ್ ಅವರ ‘ಎರ್‌ಸೀಕ್’ ವ್ಯವಸ್ಥೆ ಬಂದಿತ್ತು. ಕಡತವನ್ನು ತೆರೆದಿಟ್ಟುಕೊಂಡ ಪ್ರತಿಯೊಬ್ಬರಿಗೂ ದೋಷ ಒಂದು ಸಲವಾದರೂ ತಲುಪಲಿ ಎಂಬುದು ಅದರ ಉದ್ದೇಶ. ಪೋಸ್ಟ್‌ಗ್ರೆಸ್‌ನವರು 2019ರ ಫೆಬ್ರವರಿಯ ಬಿಡುಗಡೆಗಳಲ್ಲಿ ತಮ್ಮ ಕಡೆಯಿಂದ ಮರುಪ್ರಯತ್ನವನ್ನೇ ಕೈಬಿಟ್ಟರು. ಎಫ್‌ಸಿಂಕ್ ಸೋತರೆ ಸರ್ವರ್ ಅಲ್ಲೇ ನಿಲ್ಲುತ್ತದೆ, ಮತ್ತೆ ಎದ್ದು ಲಾಗ್‌ನಿಂದ ಎಲ್ಲವನ್ನೂ ಪುನಃ ಕಟ್ಟಿಕೊಳ್ಳುತ್ತದೆ. ನಾಪೋಕ್ಲಿನ ಡಿಸ್ಕಿಗೂ ಇದಕ್ಕೂ ರೋಗ ಒಂದೇ: ಸೋತದ್ದನ್ನು ಗೆದ್ದೆ ಎಂದು ಹೇಳುವುದು.

ಒಣ_ಮೆಣಸು:

ಸರಿ ಮಾರಾಯರೇ, ಬರೆಯಿರಿ ಪ್ಯಾಚ್.

ಶನಿವಾರಸಂತೆ_ಸಿಎಸ್:

ಕೆಟ್ಟ ಡಿಸ್ಕ್ ಇಲ್ಲದೆ ನಾನೂ ಇದನ್ನು ಮಾಡಿ ನೋಡಬಹುದೇ?

ನಾಪೋಕ್ಲು_ಮಳೆ:

ಖಂಡಿತ, ಆದರೆ ನಿಮ್ಮ ಸ್ವಂತ ಯಂತ್ರದ ಕರ್ನಲ್ ಮೇಲೆ ಬೇಡ. ಕ್ಯೂಎಮುವಿನಲ್ಲಿ ಒಂದು ವರ್ಚುವಲ್ ಯಂತ್ರ ಎಬ್ಬಿಸಿ. ಸಣ್ಣ ಕಡತವೊಂದನ್ನು ಲೂಪ್ ಸಾಧನವಾಗಿಸಿ (ಕಡತವೇ ಡಿಸ್ಕಿನಂತೆ ಕಾಣುತ್ತದೆ) ಅದರೊಳಗೆ ಫೈಲ್‌ಸಿಸ್ಟಮ್ ರಚಿಸಿ. ಅದರ ಮೇಲೆ ಡಿವೈಸ್ ಮ್ಯಾಪರ್‌ನಲ್ಲಿ ಒಂದು ಹೊದಿಕೆ ಹೊದಿಸಿ. ಬಹುಪಾಲು ಜಾಗಕ್ಕೆ ‘ಲೀನಿಯರ್’ ಎಂದು ಬರೆಯುವುದು, ಅಂದರೆ ಕೆಳಗಿನದನ್ನು ಹಾಗೆಯೇ ತೋರಿಸು ಎಂದು. ಕೆಡಬೇಕಾದ ಜಾಗಕ್ಕೆ ಮಾತ್ರ ‘ಎರರ್’.

ಲೆಕ್ಕ ಇಡುವಾಗ ಎಚ್ಚರ: ಮ್ಯಾಪರ್ ಎಣಿಸುವುದು 512 ಬೈಟಿನ ಸೆಕ್ಟರ್‌ಗಳಲ್ಲಿ, ಫೈಲ್‌ಸಿಸ್ಟಮ್ ಎಣಿಸುವುದು ತನ್ನ ಬ್ಲಾಕ್‌ಗಳಲ್ಲಿ. ನನ್ನದರಲ್ಲಿ ಬ್ಲಾಕ್ 1024 ಬೈಟ್, ಕೆಡಿಸಬೇಕಾದದ್ದು 3ನೆಯ ಬ್ಲಾಕ್. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಸೆಕ್ಟರ್ 6 ಮತ್ತು 7. ಕೋಷ್ಟಕದಲ್ಲಿ ಮೂರೇ ಸಾಲು: 0ಯಿಂದ 6 ಸೆಕ್ಟರ್ ಲೀನಿಯರ್, 6ರಿಂದ 2 ಸೆಕ್ಟರ್ ಎರರ್, 8ರಿಂದ ಕೊನೆಯವರೆಗೆ ಮತ್ತೆ ಲೀನಿಯರ್. ಮೌಂಟ್ ಕೊಟ್ಟರೆ ಚಿಕ್ಕಪ್ಪನ ಡಿಸ್ಕ್ ತೋರಿಸಿದ ಅದೇ ಸಾಲು, ಅದೇ ಪತನ. ಆ ಎರಡು ಸೆಕ್ಟರ್‌ಗಳನ್ನು ಜರುಗಿಸುತ್ತಾ ಹೋದರೆ ಫಂಕ್ಷನ್‌ನ ಓದುವ ಪ್ರತಿ ಜಾಗವನ್ನೂ ಒಂದೊಂದಾಗಿ ಸೋಲಿಸಬಹುದು.

ಮಂಜಿನೂರು:

ಓದುವುದನ್ನು ಸೋಲಿಸಿದರೆ ಅರ್ಧ ಆಯಿತು. ಮೆಮೊರಿ ಸಿಗದಂತೆ ಮಾಡಲು ಕರ್ನಲ್‌ನಲ್ಲೇ ‘ಫೇಲ್‌ಸ್ಲ್ಯಾಬ್’ ಇದೆ. ಎಷ್ಟು ಸಲಕ್ಕೊಮ್ಮೆ ಸೋಲಬೇಕು ಎಂದು ಹೇಳಿದರೆ ಅಷ್ಟು ಸಲಕ್ಕೊಮ್ಮೆ ಮೆಮೊರಿ ಕೊಡದೆ ಕಳುಹಿಸುತ್ತದೆ. ಮೌಂಟ್ ಪ್ರಕ್ರಿಯೆಗೆ ಮಾತ್ರ ಅನ್ವಯಿಸುವಂತೆ ಕಟ್ಟಿಹಾಕಿ, ಇಲ್ಲದಿದ್ದರೆ ನಿಮ್ಮ ಶೆಲ್ ಮೊದಲು ಸಾಯುತ್ತದೆ. ಜೊತೆಗೆ ಕಸಾನ್ ಹಾಕಿ ಕರ್ನಲ್ ಕಟ್ಟಿ, ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದರೆ ಅದು ಕೂಗುತ್ತದೆ. ಕೆಮೆಮ್‌ಲೀಕ್ ಹಾಕಿದರೆ ಬಿಡದೆ ಉಳಿಸಿದ್ದನ್ನು ತೋರಿಸುತ್ತದೆ.

ನಾಪೋಕ್ಲು_ಮಳೆ:

ಪ್ಯಾಚ್ ಆಯಿತು. ಬಿಟ್‌ಮ್ಯಾಪ್ ಓದು ಸೋತ ಕಡೆ ರೆಟ್‌ಗೆ ಮೈನಸ್ 5, ಮೆಮೊರಿ ಸಿಗದ ಕಡೆ ಮೈನಸ್ 12, ರೂಟ್ ಐನೋಡ್ ಸೋತರೆ ಪಾಯಿಂಟರ್‌ನಿಂದ ಹೊರತೆಗೆದ ಸಂಖ್ಯೆ. ಹೆಚ್ಚುವರಿ ಐಪುಟ್ ತೆಗೆದಿದ್ದೇನೆ. ಲೇಬಲ್‌ಗಳ ಹೆಸರನ್ನೂ ಮೇಷ್ಟ್ರಿಗೆ ಹಿಡಿಸುವಂತೆ ಬದಲಿಸಿದೆ. ಕಳುಹಿಸಲೇ?

ಮಂಜಿನೂರು:

ಹೀಗೆ ಕಳುಹಿಸಬೇಡಿ. ಇದು ಮೂರು ಪ್ಯಾಚ್. ಸೊನ್ನೆಯ ಬಗ್ ಬಂದದ್ದು ಆ ಕರೆ ಸೇರಿಸಿದ ಕಮಿಟ್‌ನಿಂದ (ದಾಖಲಾದ ಕೋಡ್ ಬದಲಾವಣೆ), ಐಪುಟ್‌ನ ಬಗ್ ಬೇರೆ ಕಮಿಟ್‌ನಿಂದ. ಪ್ರತಿಯೊಂದಕ್ಕೂ ‘ಫಿಕ್ಸಸ್’ ಸಾಲಿನಲ್ಲಿ ಅದರದೇ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳು ಇರಬೇಕು. ಹಳೆಯ ಕರ್ನಲ್‌ಗಳನ್ನು ನೋಡಿಕೊಳ್ಳುವವರು ಆ ಸಾಲನ್ನು ನೋಡಿಯೇ ಯಾವುದಕ್ಕೆ ಯಾವುದು ಬೇಕೆಂದು ತೀರ್ಮಾನಿಸುತ್ತಾರೆ. ಫಂಕ್ಷನ್‌ನ ಮೂಲ ಲೇಖಕರ ಕಮಿಟ್ ಹಾಕಬೇಡಿ, ಅವರು ಬರೆದಾಗ ಕೋಡ್ ಸರಿಯಾಗಿತ್ತು. ಲೇಬಲ್‌ನ ಹೆಸರು ಬದಲಿಸುವುದು ಶೃಂಗಾರ, ಅದು ಕೊನೆಯಲ್ಲಿ ಪ್ರತ್ಯೇಕವಾಗಿ ಬರಲಿ, ಸ್ಥಿರ ಕರ್ನಲ್‌ಗಳಿಗೆ ಬೇಡ.

ಪ್ಯಾಚ್‌ನ ವಿವರಣೆಯಲ್ಲಿ ಮೊದಲ ವಾಕ್ಯ ಬಳಕೆದಾರನಿಗೆ ಏನಾಗುತ್ತದೆ ಎಂಬುದಾಗಿರಲಿ. ‘ದೋಷ ನಿರ್ವಹಣೆ ಸರಿಪಡಿಸಿದೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬಿಟ್‌ಮ್ಯಾಪ್ ಓದಲಾಗದಿದ್ದರೆ ಮೌಂಟ್ ಕರ್ನಲ್ ಅನ್ನು ಬೀಳಿಸುತ್ತದೆ ಎಂದು ಬರೆಯಿರಿ, ಲಾಗ್‌ನ ಆ ಒಂದು ಸಾಲು ಸೇರಿಸಿ, ಮ್ಯಾಪರ್‌ನ ಮೂರು ಸಾಲನ್ನೂ ಕೊಡಿ. ಬರವಣಿಗೆಯ ನಿಯಮ ನೋಡುವ ಚೆಕ್‌ಪ್ಯಾಚ್ ಓಡಿಸಿ, ಯಾರಿಗೆ ಕಳುಹಿಸಬೇಕೆಂದು ಗೆಟ್_ಮೇಂಟೇನರ್ ಹೇಳುತ್ತದೆ. ಇಮೇಲ್ ಸಾದಾ ಪಠ್ಯದಲ್ಲಿರಲಿ, ಲಗತ್ತು ಬೇಡ.

ಶನಿವಾರಸಂತೆ_ಸಿಎಸ್:

ಹೊಸ ಕರ್ನಲ್‌ಗಳಲ್ಲಿ ಗೋಟೂ ಇಲ್ಲದೆ ತಾನಾಗಿ ಬಿಡುಗಡೆಯಾಗುವ ವ್ಯವಸ್ಥೆ ಬಂದಿದೆ ಎಂದು ಓದಿದೆ. ಅದನ್ನೇ ಹಾಕಬಾರದೇ?

ಕುಶಾಲನಗರ_ಮೇಷ್ಟ್ರು:

2023ರಲ್ಲಿ 6.5ರಿಂದ ಇದೆ. ಚಲಕವನ್ನು (ವೇರಿಯಬಲ್) ಘೋಷಿಸುವಾಗಲೇ ಅದನ್ನು ಬಿಡುವ ಫಂಕ್ಷನ್ ಯಾವುದೆಂದು ಬರೆದಿಟ್ಟರೆ, ಆವರಣದಿಂದ ಹೊರಬಿದ್ದ ಕೂಡಲೇ ಕಂಪೈಲರ್ ಅದನ್ನು ಕರೆಯುತ್ತದೆ. ಒಳ್ಳೆಯದೇ. ಆದರೆ ಅದು ಮೆಮೊರಿಯನ್ನು ಬಿಡುತ್ತದೆಯೇ ಹೊರತು ದೋಷಸಂಖ್ಯೆಯನ್ನು ನಿಮ್ಮ ಪರವಾಗಿ ಬರೆಯುವುದಿಲ್ಲ. ಈ ಬಗ್ ಹಾಗೆಯೇ ಉಳಿಯುತ್ತಿತ್ತು. ಮೇಲಾಗಿ 6.5ಕ್ಕಿಂತ ಹಳೆಯ ಕರ್ನಲ್‌ಗಳಿಗೆ ಒಯ್ಯಬೇಕಾದ ಪ್ಯಾಚ್‌ನಲ್ಲಿ ಹೊಸ ಸಾಮಾನು ತುಂಬಿದರೆ ಒಯ್ಯುವವರು ಶಪಿಸುತ್ತಾರೆ.

ವಿರಾಜಪೇಟೆ_ರಿಪೇರಿ:

ನಾಪೋಕ್ಲಿನವರೇ, ಪ್ರತಿ ಮುಗಿಯಿತೇ?

ನಾಪೋಕ್ಲು_ಮಳೆ:

ಮುಗಿಯಿತು, ಕೆಲವು ಸೆಕ್ಟರ್ ಬಿಟ್ಟು ಎಲ್ಲ ಬಂದಿದೆ. ವಿಚಿತ್ರವೆಂದರೆ ಆ ನಕಲು ಪ್ಯಾಚ್ ಇಲ್ಲದ ಹಳೆಯ ಕರ್ನಲ್‌ನಲ್ಲೂ ತಕರಾರಿಲ್ಲದೆ ಮೌಂಟ್ ಆಗುತ್ತಿದೆ.

ವಿರಾಜಪೇಟೆ_ರಿಪೇರಿ:

ಆಗುತ್ತದೆ, ಅದೇ ಅಪಾಯ. ಓದಲಾಗದ ಸೆಕ್ಟರ್‌ಗಳ ಜಾಗದಲ್ಲಿ ಹೊಸ ಪ್ರತಿಯಲ್ಲಿ ಸೊನ್ನೆಗಳಿರುತ್ತವೆ. ಈಗ ಆ ಬಿಟ್‌ಮ್ಯಾಪ್ ಓದಲು ಸಿಗುತ್ತದೆ, ಆದರೆ ಅದರ ಆ ಭಾಗದಲ್ಲಿ ಬರೀ ಸೊನ್ನೆ. ಸೊನ್ನೆ ಎಂದರೆ ‘ಈ ಬ್ಲಾಕ್ ಖಾಲಿ’. ನೀವು ಅದರ ಮೇಲೆ ಒಂದು ಕಡತ ಬರೆದರೂ ಸಾಕು, ಹಾಜರಿ ಪುಸ್ತಕದ ಮೇಲೋ ಮಳೆ ಲೆಕ್ಕದ ಮೇಲೋ ಹೋಗಿ ಕೂರುತ್ತದೆ. ಓದಲು ಮಾತ್ರ ಎಂಬ ಆಯ್ಕೆಯಲ್ಲಿ ಮೌಂಟ್ ಮಾಡಿ, ಲೂಪ್ ಸಾಧನವನ್ನೂ ಓದಲು ಮಾತ್ರ ಎಂದೇ ತೆರೆಯಿರಿ, ಎಲ್ಲವನ್ನೂ ಬೇರೆ ಡಿಸ್ಕಿಗೆ ಎತ್ತಿಕೊಳ್ಳಿ. ಓದುವುದಕ್ಕೆ ಬಿಟ್‌ಮ್ಯಾಪ್ ಬೇಕಾಗುವುದಿಲ್ಲ, ಜಾಗ ಹಂಚಲು ಮಾತ್ರ ಬೇಕು.

ಒಣ_ಮೆಣಸು:

ಹಾಗಿದ್ದರೆ ಓದಲು ಮಾತ್ರ ಮೌಂಟ್ ಮಾಡುವಾಗ ಬಿಟ್‌ಮ್ಯಾಪ್ ಕೆಟ್ಟಿದ್ದರೂ ಕರ್ನಲ್ ಒಳಗೆ ಬಿಡಬಹುದಲ್ಲ? ಮೂಲ ಡಿಸ್ಕ್‌ನಿಂದಲೇ ಕಡತ ತೆಗೆಯಬಹುದಿತ್ತು.

ಮಂಜಿನೂರು:

ಬಹಳ ಒಳ್ಳೆಯ ಪ್ರಶ್ನೆ, ಅದೂ ನಿಮ್ಮಿಂದ. ಬಿಡಬಹುದು. ಆದರೆ ಅದು ನಡವಳಿಕೆಯ ಬದಲಾವಣೆ, ಬಗ್ ರಿಪೇರಿ ಅಲ್ಲ. ಓದಲು ಮಾತ್ರ ಎಂದು ತೆರೆದು ಆಮೇಲೆ ಬರೆಯುವ ಸ್ಥಿತಿಗೆ ಮರುಮೌಂಟ್ ಮಾಡಿದರೆ ಏನು ಎಂಬುದಕ್ಕೂ ಉತ್ತರ ಬರೆಯಬೇಕು. ಅದನ್ನು ಈ ಪ್ಯಾಚ್‌ಗೆ ಕಟ್ಟಿದರೆ ಚರ್ಚೆ ಮುಗಿಯುವಷ್ಟರಲ್ಲಿ ಪುತ್ತರಿ ಹಬ್ಬ ಬರುತ್ತದೆ.

ನಾಪೋಕ್ಲು_ಮಳೆ:

ಕಡತಗಳು ಬಂದವು. ಹಾಜರಿಯ ಕೆಲವು ಪುಟ ತೆರೆಯುತ್ತಿಲ್ಲ, ಮಳೆ ಲೆಕ್ಕ ಪೂರ್ತಿ ಇದೆ. ಮೂರು ಪ್ಯಾಚ್‌ಗಳನ್ನೂ ಬೇರೆ ಬೇರೆ ಮಾಡಿ ಕಳುಹಿಸಿದೆ. ಪಾಲಕರು ಉತ್ತರಿಸಿ, ಮೊದಲೆರಡನ್ನು ತೆಗೆದುಕೊಳ್ಳುವುದಾಗಿಯೂ ಲೇಬಲ್ ಬದಲಾವಣೆ ಅನಗತ್ಯವೆಂದೂ ಬರೆದಿದ್ದಾರೆ.

ಕುಶಾಲನಗರ_ಮೇಷ್ಟ್ರು:

ಪಾಲಕರ ಅಭಿರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಒಣ_ಮೆಣಸು:

ಮಳೆ ಲೆಕ್ಕದಲ್ಲಿ 2018ರ ಆಗಸ್ಟ್ ಇದೆಯೇ? ನಮ್ಮ ಕಡೆ ಆ ತಿಂಗಳ ಪುಸ್ತಕ ಮನೆಯ ಜೊತೆಗೇ ಹೋಯಿತು. ಪಕ್ಕದ ತೋಟದ್ದಾದರೂ ಇರಲಿ ಎಂದು.

ನಾಪೋಕ್ಲು_ಮಳೆ:

ಇದೆ, ದಿನದಿನದ್ದೂ ಇದೆ. ಚಿಕ್ಕಪ್ಪನನ್ನು ಕೇಳಿ ಪ್ರತಿ ಕೊಡುತ್ತೇನೆ.

ಶನಿವಾರಸಂತೆ_ಸಿಎಸ್:

ನಾನು ಸ್ಮ್ಯಾಚ್ ಅನ್ನು ಇನ್ನೊಂದು ಫೈಲ್‌ಸಿಸ್ಟಮ್‌ನ ಮೇಲೆ ಓಡಿಸಿದೆ. ‘ದೋಷಸಂಖ್ಯೆ ಕಾಣೆಯಾಗಿದೆ’ ಎಂಬ ಎಚ್ಚರಿಕೆಗಳು ಬಂದಿವೆ. ಎಲ್ಲದಕ್ಕೂ ಪ್ಯಾಚ್ ಬರೆಯಲೇ?

ಮಂಜಿನೂರು:

ಬರೆಯಬೇಡಿ, ಮೊದಲು ಒಂದೊಂದನ್ನೇ ಓದಿ. ಎಷ್ಟೋ ಕಡೆ ಸೊನ್ನೆ ಕೊಟ್ಟು ಹೊರಡುವುದು ಉದ್ದೇಶಪೂರ್ವಕ. ಹುಡುಕಿದ ಹೆಸರು ಡೈರೆಕ್ಟರಿಯಲ್ಲಿ ಇಲ್ಲದಿದ್ದರೆ, ಮಾಡಬೇಕಾದ ಕೆಲಸ ಮೊದಲೇ ಆಗಿದ್ದರೆ, ಅದು ಸೋಲಲ್ಲ. ಕರೆದ ಫಂಕ್ಷನ್ ಆ ಸೊನ್ನೆಯನ್ನು ಇಟ್ಟುಕೊಂಡು ಮುಂದೆ ಏನು ಮಾಡುತ್ತದೆ ಎಂದು ನೋಡಿ. ಮ್ಯಾಪರ್‌ನಿಂದ ಬೀಳಿಸಿ ತೋರಿಸಲು ಸಾಧ್ಯವಾದದ್ದನ್ನು ಮಾತ್ರ ಇಲ್ಲಿ ಹಾಕಿ, ನೋಡೋಣ.

ಶನಿವಾರಸಂತೆ_ಸಿಎಸ್:

ಆಗಲಿ ಸರ್. ಒಂದು ಮಾತ್ರ ಖಚಿತವಾಗಿ ಬೀಳುತ್ತಿದೆ, ಮರುಮೌಂಟ್ ಮಾಡುವ ಫಂಕ್ಷನ್‌ನಲ್ಲಿ. ನಾಳೆ ಲ್ಯಾಬ್‌ನಲ್ಲಿ ಲಾಗ್ ತೆಗೆದು ಹೊಸ ಎಳೆಯಲ್ಲಿ ಹಾಕುತ್ತೇನೆ.